ಫಾಂಡೆಂಟಿನ ಹದ, ಅಮ್ಮನ ಒದ್ದೆ ಬಟ್ಟೆ

ನಮ್ಮಮ್ಮ ಮಾರ್ಷ್‌ಮ್ಯಾಲೋ ಮಿಠಾಯಿಯ ಪ್ಯಾಕೆಟ್ಟನ್ನು ಪರೀಕ್ಷಿಸಿದ್ದನ್ನು ನೀವು ನೋಡಬೇಕಿತ್ತು. ಟ್ರಾಫಿಕ್ ಪೊಲೀಸರು ಲೈಸೆನ್ಸ್ ನೋಡುತ್ತಾರಲ್ಲ, ಹಾಗೆ. ಹಿಂದೆ ತಿರುಗಿಸಿದಳು, ಮುಂದೆ ತಿರುಗಿಸಿದಳು, ಕನ್ನಡಕ ಹಣೆಗೇರಿಸಿ ಕಣ್ಣಿನ ಹತ್ತಿರ ತಂದಳು.

“ಹಸಿರು ಚುಕ್ಕೆ ಎಲ್ಲಿ?”

“ಕೆಳಗೆ ಮೂಲೇಲಿದೆ ನೋಡಮ್ಮ.”

“ಇದು ಹಸಿರಾ? ಕಂದು ಥರ ಕಾಣತ್ತೆ.”

“ಹಸಿರೇ. ಬೆಳಕಿಗೆ ಹಿಡಿದು ನೋಡು.”

ಕಿಟಕಿಯ ಹತ್ತಿರ ಹೋಗಿ ಬೆಳಕಿಗೆ ಹಿಡಿದಳು. ಹಸಿರೇ. ಪ್ಯಾಕೆಟ್ಟನ್ನು ಅಡುಗೆಕಟ್ಟೆಯ ಮೇಲಿಟ್ಟು, “ಏನಾದ್ರೂ ಇರ್ಲಿ, ನಾನಂತೂ ತಿನ್ನಲ್ಲ” ಎಂದು ಹೇಳಿ ಹಾಲಿಗೆ ಹೋಗಿ ಟಿ.ವಿ. ಹಾಕಿಕೊಂಡಳು.

ತಿನ್ನದವಳಿಗೆ ಚುಕ್ಕೆಯ ಬಣ್ಣ ಕಟ್ಟಿಕೊಂಡು ಏನಾಗಬೇಕಿತ್ತು? ನಾನು ಕೇಳಲಿಲ್ಲ. ಲಿಂಗರಾಜಪುರದ ನಮ್ಮ ಮನೆಯಲ್ಲಿ ಆ ವಾರ ಯಾರೂ ಅಮ್ಮನನ್ನು ಏನೂ ಕೇಳುವ ಸ್ಥಿತಿಯಲ್ಲಿರಲಿಲ್ಲ.

ವಿಷಯ ಏನೆಂದರೆ, ನನ್ನ ತಂಗಿ ವೀಣಾಳ ಮದುವೆ. ನಲವತ್ತರ ಹತ್ತಿರ ಬಂದವಳು. ‘ಯಾವಾಗ, ಯಾವಾಗ’ ಎಂದು ಕೇಳಿ ಕೇಳಿ ಸುಸ್ತಾಗಿ ಅಮ್ಮ ಕೇಳುವುದನ್ನೇ ಬಿಟ್ಟಿದ್ದಳು. ಬಿಟ್ಟ ಮೇಲೆ ವೀಣಾ ಒಂದು ಸಂಜೆ ಬಂದು ಉತ್ತರ ಕೊಟ್ಟಳು. ಹುಡುಗನ ಹೆಸರು ಅರುಳ್. ಹಲಸೂರಿನವನು. (ಹುಡುಗ ಎಂದೆನಲ್ಲ, ಅವನ ತಲೆಯಲ್ಲೂ ಬಿಳಿ ಕೂದಲಿದೆ. ಮದುವೆಯಾಗುವ ತನಕ ನಮ್ಮಲ್ಲಿ ಎಲ್ಲರೂ ಹುಡುಗರೇ.) ವೀಣಾಳ ಇನ್ಶೂರೆನ್ಸ್ ಆಫೀಸಿನಲ್ಲೇ ಅವನಿಗೂ ಕೆಲಸ. ಮನೆಯಲ್ಲಿ ತಮಿಳು, ಭಾನುವಾರ ಚರ್ಚು, ಕ್ರಿಸ್‌ಮಸ್ಸಿಗೆ ಬೀದಿಗೆಲ್ಲ ಕೇಕ್ ಹಂಚುವ ತಾಯಿ.

ಅಮ್ಮ ಕೂಗಾಡಲಿಲ್ಲ. ಅಳಲಿಲ್ಲ. ಜಾತಿ, ಧರ್ಮ ಎಂಬ ಪದಗಳನ್ನು ಬಾಯಿಗೇ ತರಲಿಲ್ಲ. ಅವಳು ಕೇಳಿದ್ದು ಒಂದೇ: “ಆ ಮನೇಲಿ ಇವಳು ಏನು ತಿಂತಾಳೆ?”

ಅರುಳ್ ಮನೆಗೆ ಬಂದಾಗ ಕಾಫಿ ಕೊಟ್ಟಳು. ಆದರೆ ಎದುರಿಗೆ ಕೂತವನ ಜೊತೆ ನೇರ ಮಾತಿಲ್ಲ. “ಸಕ್ಕರೆ ಸಾಕಾ ಅಂತ ಕೇಳು ಅವರನ್ನ” ಎಂದು ವೀಣಾಳಿಗೆ ಹೇಳುವುದು. ಅವನು “ಸಾಕು ಆಂಟಿ” ಎಂದರೂ, ವೀಣಾ “ಸಾಕಂತಮ್ಮ” ಎನ್ನುವ ತನಕ ಅಮ್ಮನ ಕಿವಿಗೆ ಬೀಳುತ್ತಲೇ ಇರಲಿಲ್ಲ. ಕನ್ನಡದಲ್ಲೇ ಮಾತಾಡುವ ಇಬ್ಬರ ಮಧ್ಯೆ ಒಬ್ಬಳು ಇಂಟರ್‌ಪ್ರಿಟರ್!

ನೀವು ಗಮನಿಸಿದ್ದೀರಾ? ನಮ್ಮ ಜನ ‘ಬೇಡ’ ಎನ್ನುವುದನ್ನು ಬಾಯಿಂದ ಹೇಳುವುದಿಲ್ಲ, ಹೊಟ್ಟೆಯಿಂದ ಹೇಳುತ್ತಾರೆ. ‘ಈಗ್ತಾನೆ ಕಾಫಿ ಆಯ್ತು.’ ‘ಇವತ್ತು ಒಪ್ಪೊತ್ತು.’ ‘ಸ್ವಲ್ಪ ಆಸಿಡಿಟಿ ಕಣ್ರೀ.’ ಯಾರ ಮನೆಯಲ್ಲಿ ನೀರು ಕುಡಿಯುತ್ತೇವೆ, ಯಾರ ಮನೆಯಲ್ಲಿ ನಮಗೆ ಬಾಯಾರಿಕೆಯೇ ಆಗುವುದಿಲ್ಲ ಎಂದು ನೋಡಿಕೊಂಡರೆ ಸಾಕು, ನಾವು ಎಂಥವರು ಎಂಬುದು ತಿಳಿದುಬಿಡುತ್ತದೆ. ಅದಕ್ಕೆ ಸಮಾಜಶಾಸ್ತ್ರ ಓದಬೇಕಾಗಿಲ್ಲ.

ಮದುವೆ ಎಂದರೆ ಶುಕ್ರವಾರ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ, ಭಾನುವಾರ ಮಧ್ಯಾಹ್ನ ಅರುಳ್ ಮನೆಯ ಟೆರೇಸಿನಲ್ಲಿ ಹತ್ತಿರದವರಿಗೆ ಊಟ. ಅಷ್ಟೇ. ಛತ್ರವೂ ಇಲ್ಲ, ಚರ್ಚೂ ಇಲ್ಲ. ಅರುಳ್ ತಾಯಿ ಫಿಲೋಮಿನಾ ಆಂಟಿ ನಮ್ಮನ್ನು ನೆನೆದು ಊಟ ಪೂರ್ತಿ ವೆಜ್ ಎಂದು ತಾವೇ ಹೇಳಿದರು. ಅವರು ಕೇಳಿದ್ದು ಒಂದೇ ಒಂದು.

“ಒಂದು ವೈಟ್ ಕೇಕ್ ಇರ್ಲಿಮ್ಮಾ. ಕೇಕ್ ಇಲ್ದೆ ಹೆಂಗೆ ಮದ್ವೆ?”

ನಮ್ಮಮ್ಮನದೂ ಒಂದೇ ಒಂದು.

“ಬರ್ತೀನಿ. ನಿಂತ್ಕೋತೀನಿ. ಅಲ್ಲಿ ಒಂದು ತೊಟ್ಟು ನೀರೂ ಮುಟ್ಟಲ್ಲ.”

ಅತ್ತ ದರಿ, ಇತ್ತ ಪುಲಿ. ಮಧ್ಯದಲ್ಲಿ ವೀಣಾ. ಅವಳು ಒಂದು ದಿನ ಆಫೀಸಿನಿಂದ ನೇರ ನಮ್ಮ ಮನೆಗೆ ಬಂದು, ಬ್ಯಾಗು ಹೆಗಲಲ್ಲಿದ್ದ ಹಾಗೇ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು.

“ಅಕ್ಕಾ, ಅಮ್ಮ ಮಾತಾಡದೇ ಇದ್ರೂ ಪರವಾಗಿಲ್ಲ. ಊಟ ಮಾಡದೇ ಇದ್ರೂ ಪರವಾಗಿಲ್ಲ. ಆದ್ರೆ ಕೇಕ್ ಕಟ್ ಮಾಡಿದ್ಮೇಲೆ ಅವರಲ್ಲೊಂದು ಪದ್ಧತಿ ಇದೆ. ಇಬ್ರೂ ಸೇರಿ ಎರಡೂ ಕಡೆ ತಾಯಂದಿರಿಗೆ ತಿನ್ನಿಸ್ಬೇಕು. ಅರುಳ್ ಕೈ ಚಾಚಿದಾಗ ಅಮ್ಮ ಮುಖ ತಿರುಗಿಸಿಬಿಟ್ರೆ? ಅವನೇನೂ ಅನ್ನಲ್ಲ. ಅವರಮ್ಮನೂ ಏನೂ ಅನ್ನಲ್ಲ. ಆದ್ರೆ ನನ್ನ ಕಣ್ಣಿಂದ ಅದು ಯಾವತ್ತೂ ಹೋಗಲ್ಲ ಕಣೇ.”

ನಾನು ಒಲೆ ಆರಿಸಿದೆ. “ಕೇಕ್ ನಾನು ಮಾಡ್ತೀನಿ” ಎಂದೆ.

ಇದು ಧೈರ್ಯದ ಮಾತಲ್ಲ, ಲೆಕ್ಕಾಚಾರದ ಮಾತು. ಅಮ್ಮನ ಕೈಯಲ್ಲಿರುವ ಆಯುಧ ಒಂದೇ, ‘ಏನು ತಿನ್ನುವುದು’ ಎಂಬುದು. ಮೊಟ್ಟೆ ಇಲ್ಲ, ಮೂಳೆ ಇಲ್ಲ, ಹೆತ್ತ ಮಗಳೇ ಮಾಡಿದ್ದು ಎಂದಾದ ಮೇಲೆ ಆ ಆಯುಧ ಎಲ್ಲಿ ಉಳಿಯುತ್ತದೆ? ನೆಪವನ್ನು ತೆಗೆದುಬಿಟ್ಟರೆ ಮನಸ್ಸು ತಾನಾಗಿ ಹೊರಗೆ ಬರಬೇಕು. ಬಂದದ್ದು ಏನೇ ಆಗಿರಲಿ, ಆಮೇಲೆ ನೋಡಿಕೊಳ್ಳಬಹುದು.

ಮತ್ತೆ, ಕೇಕ್ ನನಗೆ ಬರುತ್ತದೆ. ಈ ಅಂಕಣವನ್ನು ವಾರವಾರ ಓದುವವರಿಗೆ ಗೊತ್ತು, ನಾನು ಬೇರೆಲ್ಲಾದರೂ ವಿನಯ ತೋರಿಸಿಯೇನು, ಒಲೆಯ ಮುಂದೆ ತೋರಿಸುವವಳಲ್ಲ.

ಮೊಟ್ಟೆಯಿಲ್ಲದ ಕೇಕ್ ದೊಡ್ಡ ವಿದ್ಯೆಯೇನಲ್ಲ. ಗಟ್ಟಿ ಮೊಸರು, ಸೋಡಾ, ಸ್ವಲ್ಪ ತಾಳ್ಮೆ. ಕಷ್ಟ ಇರುವುದು ಮೇಲಿನ ಬಿಳಿ ಹೊದಿಕೆಯಲ್ಲಿ. ಮದುವೆ ಕೇಕಿನ ಮೇಲೆ ಇಸ್ತ್ರಿ ಮಾಡಿದ ಪಂಚೆ ಹೊದಿಸಿದ ಹಾಗೆ ನಯವಾಗಿ ಕೂತಿರುತ್ತದಲ್ಲ, ಅದು ಫಾಂಡೆಂಟ್. ಸಕ್ಕರೆಯ ಹಾಳೆ. ಅಂಗಡಿಯಲ್ಲಿ ಡಬ್ಬದಲ್ಲೇ ಸಿಗುತ್ತದೆ. ಆದರೆ ಅದಕ್ಕೆ ಪ್ಲಾಸ್ಟಿಕ್ಕಿನ ರುಚಿ. ಮನೆಯಲ್ಲಿ ಮಾಡಿದರೆ ಬಾಯಿಗೂ ಹಿತ. ಮಾರ್ಷ್‌ಮ್ಯಾಲೋ ಎಂಬ ಹತ್ತಿಯುಂಡೆಯಂಥ ಮಿಠಾಯಿಯನ್ನು ಕರಗಿಸಿ, ನುಣ್ಣನೆಯ ಐಸಿಂಗ್ ಶುಗರ್ ಪುಡಿ ಸೇರಿಸಿ, ನಾದಬೇಕು. ಕೇಳಲಿಕ್ಕೆ ಎಷ್ಟು ಸುಲಭ!

ಮಾರ್ಷ್‌ಮ್ಯಾಲೋ ಮೆತ್ತಗೆ ಪುಟಿಯುವುದೇ ಜೆಲಟಿನ್ನಿನಿಂದ. ಜೆಲಟಿನ್ ಎಂದರೆ ಮೂಳೆ, ಚರ್ಮ ಬೇಯಿಸಿ ತೆಗೆದ ಅಂಟು. ಅಮ್ಮನಿಗೆ ಇದು ಗೊತ್ತಿದೆಯೇ ಎಂದು ನನಗೆ ಸಂಶಯವಿತ್ತು. ಗೊತ್ತಿತ್ತು. ವಾಟ್ಸ್ಯಾಪಿನಲ್ಲಿ ಇದ್ದಬದ್ದದ್ದನ್ನೆಲ್ಲ ಓದುವ ಹೆಂಗಸು ಅವಳು.

ಹಾಗಾಗಿ ಶಿವಾಜಿನಗರಕ್ಕೆ ಹೊರಟೆ. ಬೇಕಿಂಗ್ ಸಾಮಾನು ಮಾರುವ ಅಂಗಡಿಯೊಂದರಲ್ಲಿ ನನಗೆ ಹಳೆಯ ಪರಿಚಯ. ಭಾಯ್ ನನ್ನನ್ನು ನೋಡುತ್ತಲೇ ದೊಡ್ಡ ಪ್ಯಾಕೆಟ್ ಎಳೆದು ಮುಂದಿಟ್ಟ.

“ವೆಜ್ಜಾ ಭಾಯ್ ಇದು?”

“ಟೆನ್ಷನ್ ನಕ್ಕೋ ಮೇಡಂ. ಪಕ್ಕಾ ಹಲಾಲ್.”

“ಹಲಾಲ್ ಅಲ್ಲ ಭಾಯ್, ವೆಜ್ ಬೇಕು. ಹಸಿರು ಚುಕ್ಕೆ.”

ಭಾಯ್ ಗಡ್ಡ ಸವರಿಕೊಂಡು ನಕ್ಕ. “ನಮ್ದು ಅಲಗ್ ಪ್ರಾಬ್ಲಂ, ನಿಮ್ದು ಅಲಗ್ ಪ್ರಾಬ್ಲಂ. ಜೆಲಟಿನ್ ಬಂದ್ರೆ ಇಬ್ರಿಗೂ ಪ್ರಾಬ್ಲಂ!” ಎಂದು ಸ್ಟೂಲು ಹತ್ತಿ ಮೇಲಿನ ಅಟ್ಟದಿಂದ ಬೇರೆ ಪ್ಯಾಕೆಟ್ ಇಳಿಸಿದ. ಅದರಲ್ಲಿ ಜೆಲಟಿನ್ ಬದಲು ಕಡಲಪಾಚಿಯಿಂದ ತೆಗೆದ ಅಂಟು. ಅಮ್ಮ ಬೆಳಕಿಗೆ ಹಿಡಿದು ನೋಡಿದ್ದು ಇದನ್ನೇ.

ಈಗ ಹೇಳುತ್ತೇನೆ ಕೇಳಿ. ಹಸಿರು ಚುಕ್ಕೆಯ ಮಾರ್ಷ್‌ಮ್ಯಾಲೋ ಬಹಳ ಹಟಮಾರಿ. ಮಾಮೂಲಿಯದು ಮೈಕ್ರೋವೇವಿನಲ್ಲಿ ಇಟ್ಟರೆ ಉಬ್ಬಿ, ಕುಸಿದು, ಎಳೆದರೆ ಜೇಡರ ಬಲೆಯಂತೆ ಎಳೆಎಳೆಯಾಗಿ ಬರುತ್ತದೆ. ಇದು? ಉಬ್ಬಿತು. ಆಮೇಲೆ ಗಂಟುಗಂಟಾಗಿ ಕೂತುಬಿಟ್ಟಿತು. ನೀರು ಕಡಿಮೆಯಾದ ಉಪ್ಪಿಟ್ಟು ನೋಡಿದ್ದೀರಲ್ಲ? ಅದೇ. ಸಕ್ಕರೆ ಹಾಕಿ ನಾದಿದರೆ ಇನ್ನೂ ಅಧ್ವಾನ. ನನ್ನ ಗಂಡ ಬಂದು ಬೆರಳಿನಿಂದ ಒತ್ತಿ ನೋಡಿದರು.

“ವಾಲ್ ಪುಟ್ಟಿ ಥರ ಇದೆಯಲ್ಲೇ. ಬಾತ್‌ರೂಮ್ ಗೋಡೇಲಿ ಒಂದು ಬಿರುಕಿದೆ, ಹಚ್ಚೋಣ್ವಾ?”

(ಇಂಥ ಮಾತಿಗೆಲ್ಲ ಉತ್ತರ ಕೊಡುತ್ತ ಕೂತರೆ ಸಂಸಾರ ನಡೆಯುವುದಿಲ್ಲ.)

ಇಂಟರ್ನೆಟ್ಟಿನಲ್ಲಿ ವೀಡಿಯೊ ಹಾಕುವ ಹೆಂಗಸರೆಲ್ಲ ‘ಸಾಫ್ಟ್ ಆಗುವ ತನಕ ನಾದಿ’ ಎನ್ನುತ್ತಾರೆ. ಯಾವ ಸಾಫ್ಟು? ಇಡ್ಲಿಯ ಸಾಫ್ಟೇ, ಹೋಳಿಗೆಯ ಸಾಫ್ಟೇ, ಮೈಸೂರುಪಾಕಿನ ಸಾಫ್ಟೇ? ಅವರು ಚಳಿ ದೇಶದ ಅಡುಗೆಮನೆಯಲ್ಲಿ ನಿಂತು ಮಾತಾಡುತ್ತಾರೆ. ಇಲ್ಲಿ ಬೆಳಗ್ಗೆ ಬಿಸಿಲು, ಮಧ್ಯಾಹ್ನ ಮೋಡ, ಸಂಜೆ ಮಳೆ, ಟಿನ್ ಫ್ಯಾಕ್ಟರಿ ಜಂಕ್ಷನ್ನಿನಲ್ಲಿ ಮೊಣಕಾಲುದ್ದ ನೀರು. ಗಾಳಿಯಲ್ಲಿರುವ ಪಸೆಯನ್ನೆಲ್ಲ ಸಕ್ಕರೆ ಕುಡಿದು ಕೂತಿರುತ್ತದೆ. ಅವರ ಅಳತೆ ನಮಗೆ ನಡೆಯುತ್ತದೆಯೇ?

ನಮ್ಮ ಭಾಷೆಯಲ್ಲಿ ಇದಕ್ಕೆ ಎಂಥ ಚೆಂದದ ಪದವಿದೆ! ಹದ. ಪುಸ್ತಕದಲ್ಲಿ ಬರೆಯಲಾಗದ, ಕೈಗೆ ಮಾತ್ರ ತಿಳಿಯುವ ವಸ್ತು ಅದು.

ಮುಂದಿನ ಬ್ಯಾಚಿನ ಹೊತ್ತಿಗೆ ಹದ ನನ್ನ ಕೈಗೆ ಸಿಕ್ಕಿತು. ಮಾರ್ಷ್‌ಮ್ಯಾಲೋವನ್ನು ಕತ್ತರಿಯಿಂದ ಚೂರುಚೂರು ಮಾಡಿದೆ. ಮೈಕ್ರೋವೇವ್ ಬಿಟ್ಟು, ಕುದಿಯುವ ನೀರಿನ ಪಾತ್ರೆಯ ಮೇಲೆ ಬಟ್ಟಲಿಟ್ಟು, ಸ್ವಲ್ಪ ನೀರು, ಸ್ವಲ್ಪ ಲಿಕ್ವಿಡ್ ಗ್ಲೂಕೋಸ್ ಹಾಕಿ ನಿಧಾನಕ್ಕೆ ತಿರುವಿದೆ. ಕರಗದೆ ಉಳಿದ ಗಂಟುಗಳನ್ನು ಜರಡಿಯಲ್ಲಿ ಸೋಸಿದೆ. ಐಸಿಂಗ್ ಶುಗರನ್ನು ಒಮ್ಮೆಲೇ ಸುರಿಯದೆ, ಹಸೆಗೆ ರಂಗೋಲಿ ಬಿಟ್ಟ ಹಾಗೆ ಸ್ವಲ್ಪ ಸ್ವಲ್ಪವೇ ಬಿಟ್ಟೆ. ಅಂಗೈಗೆ ವನಸ್ಪತಿ ಸವರಿಕೊಂಡು ನಾದಿದೆ. ಒಂದು ಗಳಿಗೆಯಲ್ಲಿ ಅಂಟು ಹೋಯಿತು. ಬೆರಳೊತ್ತಿದರೆ ಗುಳಿ ಬಿದ್ದು, ಆ ಗುಳಿ ನಿಧಾನಕ್ಕೆ ಮೇಲೆ ಬಂತು. ಎಳೆದರೆ ಹರಿಯದೆ ಜಗ್ಗಿತು. ಮುಷ್ಟಿಯ ಮೇಲೆ ಹಾಕಿದರೆ ಸೆರಗಿನ ಹಾಗೆ ಇಳಿಬಿತ್ತು.

ಇದು ಶನಿವಾರ ಬೆಳಗ್ಗೆ. ಹಿಂದಿನ ದಿನ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿಯಾಗಿತ್ತು. ಅಮ್ಮ ಮಂಡಿನೋವು ಎಂದು ಬಂದಿರಲಿಲ್ಲ. (ಮಂಡಿನೋವು ಅವತ್ತೇ ಸಂಜೆ ತರಕಾರಿ ಗಾಡಿಯ ಹತ್ತಿರ ನಿಂತು ಬೀನ್ಸ್ ಆರಿಸುವಾಗ ಇರಲಿಲ್ಲ.) ಆದರೂ ನನ್ನ ಕೈಯಲ್ಲಿ ಹದ ಇತ್ತು, ನಾನು ಗೆದ್ದೆ ಎಂದೇ ಅಂದುಕೊಂಡಿದ್ದೆ.

ಫಾಂಡೆಂಟ್ ವಿಶ್ರಾಂತಿ ಕೇಳುತ್ತದೆ. ಗಾಳಿಯಾಡದ ಹಾಗೆ ಕ್ಲಿಂಗ್ ಫಿಲ್ಮಿನಲ್ಲಿ ಬಿಗಿಯಾಗಿ ಸುತ್ತಿ, ಕಟ್ಟೆಯ ಮೇಲಿಟ್ಟು, ಕೇಕ್ ಇಡುವ ಬೋರ್ಡು ಮತ್ತು ಬಾಕ್ಸು ತರಲು ಕಮ್ಮನಹಳ್ಳಿ ಮೇನ್ ರೋಡಿಗೆ ಹೋದೆ. ಶನಿವಾರದ ಕಮ್ಮನಹಳ್ಳಿ ನಿಮಗೆ ಗೊತ್ತೇ ಇದೆ. ಹೋಗುವುದು ನಮ್ಮ ಇಷ್ಟ, ಬರುವುದು ಟ್ರಾಫಿಕ್ಕಿನ ಇಷ್ಟ.

ವಾಪಸ್ ಬಂದು ನೋಡುತ್ತೇನೆ, ಕ್ಲಿಂಗ್ ಫಿಲ್ಮ್ ಕಸದ ಬುಟ್ಟಿಯಲ್ಲಿದೆ. ಕಟ್ಟೆಯ ಮೇಲೆ ಚಪಾತಿ ಹಿಟ್ಟು ಕಲಸುವ ಸ್ಟೀಲ್ ಬೇಸಿನ್. ಅದರ ಮೇಲೆ ಒದ್ದೆ ಬಟ್ಟೆ. ನೀಟಾಗಿ ಹಿಂಡಿ, ಅಂಚು ಮಡಚಿ ಮುಚ್ಚಿದ ಬಿಳಿ ಬಟ್ಟೆ.

ಎತ್ತಿದೆ. ಬಟ್ಟೆಯ ಜೊತೆ ಫಾಂಡೆಂಟೂ ಎದ್ದು ಬಂತು. ಮೇಲೆಲ್ಲ ಕರಗಿ ಲೊಳಲೊಳ. ಬೇಸಿನ್ನಿನ ತಳದಲ್ಲಿ ಸಕ್ಕರೆ ಪಾಕದ ಸಣ್ಣ ಕೆರೆ.

“ಅಮ್ಮಾ!”

ನನ್ನ ಕೂಗಿಗೆ ಪಕ್ಕದ ಮನೆಯ ನಾಯಿ ಬೊಗಳಿತು. ಅಮ್ಮ ಹಾಲಿನಿಂದ ಬಂದು ಬಾಗಿಲಲ್ಲಿ ನಿಂತಳು.

“ಯಾರು ಮುಟ್ಟು ಅಂದ್ರು ನಿನಗೆ? ತಿನ್ನಲ್ಲ, ನೋಡಲ್ಲ, ನನಗೂ ಅದಕ್ಕೂ ಸಂಬಂಧ ಇಲ್ಲ ಅಂತಿದ್ಯಲ್ಲ!”

“ನೀನು ಪ್ಲಾಸ್ಟಿಕ್ ಸುತ್ತಿ ಬಿಟ್ಟು ಹೋಗಿದ್ದೆ. ಒಣಗಿ ಹೋಗಲ್ವಾ? ಅದಕ್ಕೇ ಬಟ್ಟೆ ಒದ್ದೆ ಮಾಡಿ ಮುಚ್ಚಿದೆ.”

“ಇದೇನು ಚಪಾತಿ ಹಿಟ್ಟೇನಮ್ಮಾ? ಸಕ್ಕರೆ ಇದು! ಹಿಟ್ಟು ನೀರು ಕುಡಿಯತ್ತೆ, ಸಕ್ಕರೆ ನೀರಲ್ಲಿ ಕರಗಿ ಹೋಗತ್ತೆ!”

ಅಮ್ಮ ಬೇಸಿನ್ನಿನೊಳಗೆ ನೋಡಿದಳು. ಅವಳ ಮುಖ ಇಳಿಯಿತು. ಆದರೆ ದನಿ ಇಳಿಸಲಿಲ್ಲ. ನಮ್ಮ ವಂಶದಲ್ಲಿ ಯಾರಿಗೂ ಆ ಅಭ್ಯಾಸ ಇಲ್ಲ.

“ನಾನು ತಿನ್ನಲ್ಲ ಅಂದೆ. ಹಾಳಾಗ್ಲಿ ಅಂದ್ನಾ? ಒಣಗಿದ ಹಿಟ್ಟು ಬಿರಿಯತ್ತೆ. ನಾಳೆ ಅಷ್ಟು ಜನರ ಮುಂದೆ ಕೇಕು ಬಿರಿದು ಕೂತ್ರೆ, ಹೆಣ್ಣಿನ ಕಡೆಯವರ ಕೈ ಇಷ್ಟೇನಾ ಅನ್ನಲ್ವಾ ಅವರು? ವೀಣಾ ಮುಖ ಎಲ್ಲಿಟ್ಕೋತಾಳೆ?”

ನಾನು ಕೈಯಲ್ಲಿದ್ದ ಬಟ್ಟೆಯನ್ನು ಸಿಂಕಿಗೆ ಹಾಕಿದೆ.

ಹೆಣ್ಣಿನ ಕಡೆಯವರು! ವಾರಗಟ್ಟಲೆ ಈ ಮದುವೆಗೂ ತನಗೂ ಸಂಬಂಧವಿಲ್ಲ ಎಂಬಂತೆ ಓಡಾಡಿದ ಹೆಂಗಸು, ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಅಡುಗೆಮನೆಗೆ ಬಂದು, ಮಗಳ ಮದುವೆಯ ಕೇಕು ಬಿರಿಯದಿರಲಿ ಎಂದು ಬಟ್ಟೆ ಒದ್ದೆ ಮಾಡಿ ಮುಚ್ಚಿದ್ದಳು. ಹೋಳಿಗೆ ಕಣಕಕ್ಕೆ ಮಾಡುವ ಉಪಚಾರವನ್ನು ಫಾಂಡೆಂಟಿಗೆ ಮಾಡಿ ನನ್ನ ಕೆಲಸ ಕೆಡಿಸಿದ್ದಳು. ನನಗೆ ಕೋಪ ಬಂದಿತ್ತು, ಅದರ ಬೆನ್ನಿಗೇ ಎಂಥದೋ ಸಂತೋಷವೂ ಬಂತು. ಎರಡೂ ಒಟ್ಟಿಗೆ ಬಂದರೆ ಮನುಷ್ಯರು ಏನು ಮಾಡಬೇಕು? ನಾನು ಬಳೆ ತೆಗೆದಿಟ್ಟು, ತೋಳು ಮಡಚಿಕೊಂಡೆ.

“ಬಾ ಇಲ್ಲಿ. ಕೆಡಿಸಿದವರೇ ಸರಿ ಮಾಡ್ಬೇಕು.”

ಅಮ್ಮ ಬಂದಳು! ಸೆರಗು ಸಿಕ್ಕಿಸಿಕೊಂಡು ಬಂದಳು.

ಕೆಟ್ಟ ಫಾಂಡೆಂಟನ್ನು ಸರಿ ಮಾಡಬಹುದೇ? ಮಾಡಬಹುದು. ಕಸಕ್ಕೆ ಹಾಕುವವರು ಅವಸರದವರು. ಮೇಲಿನ ಲೊಳೆಯನ್ನು ಕೆರೆದು ತೆಗೆದೆವು. ಒಳಗಿನದು ಅಂಟಂಟಾಗಿದ್ದರೂ ಜೀವ ಇತ್ತು. ಅದಕ್ಕೆ ಇನ್ನಷ್ಟು ಐಸಿಂಗ್ ಶುಗರ್ ಬೇಕು. ನನ್ನ ಹತ್ತಿರ ಇದ್ದದ್ದು ಸಾಲದು. ಮತ್ತೆ ಕಮ್ಮನಹಳ್ಳಿಗೆ ಹೋಗುವುದೆಂದರೆ ಸಾಯಂಕಾಲವೇ ಆಗುತ್ತದೆ. ಸಕ್ಕರೆಯನ್ನು ಮಿಕ್ಸಿಗೆ ಹಾಕಿ, ಜೊತೆಗೆ ಸ್ವಲ್ಪ ಕಾರ್ನ್‌ಫ್ಲೋರ್ ಸೇರಿಸಿ ಪುಡಿ ಮಾಡಿದೆ. ಮಿಕ್ಸಿಯ ಪುಡಿಯಲ್ಲಿ ಸಣ್ಣ ಹರಳು ಉಳಿದೇ ಉಳಿಯುತ್ತದೆ. ಒಂದು ಹರಳು ಸಾಕು, ಹಾಳೆ ಲಟ್ಟಿಸುವಾಗ ಅಲ್ಲೇ ಹರಿಯುತ್ತದೆ. ಅಮ್ಮ ತೆಳು ಬಟ್ಟೆ ತಂದು, ಪಾತ್ರೆಯ ಬಾಯಿಗೆ ಕಟ್ಟಿ, ಪುಡಿಯನ್ನು ವಸ್ತ್ರಗಾಳಿ ಮಾಡಿದಳು. ಈ ಸಲ ಬಟ್ಟೆ ಒಣಗಿದೆಯೇ ಎಂದು ನಾನು ಮುಟ್ಟಿ ನೋಡಿದೆ. ಅವಳು ನನ್ನನ್ನು ದುರುಗುಟ್ಟಿ ನೋಡಿದಳು.

ನಾದುವುದಕ್ಕೆ ಶುರು ಮಾಡಿದ್ದೇ ಅವಳ ಕಣ್ಣು ವನಸ್ಪತಿಯ ಮೇಲೆ ಬಿತ್ತು.

“ಶುಭ ಕಾರ್ಯಕ್ಕೆ ವನಸ್ಪತೀನಾ? ತುಪ್ಪ ಹಾಕೇ.”

“ತುಪ್ಪ ಹಾಕಿದ್ರೆ ಹಳದಿಯಾಗತ್ತೆ. ವಾಸನೇನೂ ಬರತ್ತೆ.”

“ತುಪ್ಪದ ವಾಸನೆ ಬಂದ್ರೆ ಏನು ನಷ್ಟ?”

“ಅವರು ಕೇಳಿದ್ದು ವೈಟ್ ಕೇಕ್. ಇಲ್ಲಿ ನಾನು ಹೇಳಿದ ಹಾಗೆ.”

“ಆಯ್ತು ಮಾರಾಯ್ತಿ” ಎಂದು ಅಮ್ಮ ವನಸ್ಪತಿ ಸವರಿಕೊಂಡು ನಾದಿದಳು. ಹೇಗೆ ನಾದಿದಳು ಎನ್ನುತ್ತೀರಿ? ಅಂಗೈಯ ಬುಡ ಒತ್ತಿ, ಮಡಚಿ, ತಿರುಗಿಸಿ, ಮತ್ತೆ ಒತ್ತಿ. ನಡುನಡುವೆ “ಕಿವಿ ಹಾಲೆ ಥರ ಆಗ್ಬೇಕು ತಾನೇ?” ಎಂದು ಕೇಳುವುದು. “ಅಷ್ಟು ಮೆದು ಬೇಡ, ಅದಕ್ಕಿಂತ ಗಟ್ಟಿ ಇರ್ಲಿ” ಎಂದು ನಾನು ಹೇಳುವುದು. ಮಂಡಿನೋವಿನ ಸುದ್ದಿಯೇ ಇಲ್ಲ. ಟಿ.ವಿ. ಒಂದರ ಹಿಂದೆ ಒಂದು ಸೀರಿಯಲ್ ಹಾಕಿಕೊಂಡು ಹಾಲಿನಲ್ಲಿ ಒಂಟಿಯಾಗಿ ಅಳುತ್ತಿತ್ತು.

ಲಟ್ಟಣಿಗೆಯಿಂದ ಹಾಳೆ ಲಟ್ಟಿಸಿ, ಅದಕ್ಕೇ ಸುತ್ತಿ ಎತ್ತಿ, ಬೆಣ್ಣೆ ಕ್ರೀಮು ಸವರಿದ ಕೇಕಿನ ಮೇಲೆ ಹೊದಿಸಿದೆ. ಸುತ್ತ ಅಂಗೈಯಿಂದ ನೇವರಿಸಿ ಕೂರಿಸಿದೆ. ಒಂದು ಕಡೆ ಮಡಿಕೆ ಬಿತ್ತು. ಏನು ಮಾಡಿದರೂ ಹೋಗಲಿಲ್ಲ. ಆ ಬದಿಯನ್ನು ಗೋಡೆಗೆ ತಿರುಗಿಸಿದರೆ ಆಯಿತು. (ಸಂಸಾರಸ್ಥರ ಮನೆಯಲ್ಲಿ ಗೋಡೆಗೆ ತಿರುಗಿಸಿಟ್ಟ ಬದಿಗಳು ಬೇಕಾದಷ್ಟಿರುತ್ತವೆ.) ಫ್ರಿಜ್ಜಿನಲ್ಲಿಡಲಿಲ್ಲ, ಅಲ್ಲಿಟ್ಟರೆ ಹೊರಗೆ ತೆಗೆದ ಮೇಲೆ ಬೆವರುತ್ತದೆ. ಫ್ಯಾನಿನ ಕೆಳಗೆ ಬಾಕ್ಸಿನಲ್ಲಿಟ್ಟೆ.

ಅಮ್ಮ ಕೈ ತೊಳೆದು ಒರೆಸಿಕೊಂಡು, ಕೇಕಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿದಳು. ಚೆನ್ನಾಗಿದೆ ಎನ್ನಲಿಲ್ಲ. “ಹೋಗ್ಲಿ ಬಿಡು” ಎಂದಳು. ಅವಳ ಶಬ್ದಕೋಶದಲ್ಲಿ ಅದು ಫಸ್ಟ್ ಕ್ಲಾಸ್.

ನಾಳೆ ತಿನ್ನುತ್ತೀಯಾ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ‘ಇಲ್ಲ’ ಎನ್ನಲೇಬೇಕಾಗುತ್ತಿತ್ತು ಅವಳು. ಆಡಿದ ಮಾತಿಗೆ ಮನುಷ್ಯರು ಎಷ್ಟು ಬಿಗಿಯಾಗಿ ಕಟ್ಟುಬೀಳುತ್ತಾರೆ ನೋಡಿ!

ಭಾನುವಾರ ಕ್ಯಾಬಿನಲ್ಲಿ ಹಲಸೂರಿಗೆ ಹೊರಟಾಗ ಬಾಕ್ಸು ಅಮ್ಮನ ತೊಡೆಯ ಮೇಲಿತ್ತು. ನನಗೆ ಕೊಡಲಿಲ್ಲ.

“ಏನಮ್ಮಾ ಒಳಗೆ, ಗಾಜಾ?” ಎಂದ ಡ್ರೈವರ್.

“ಗಾಜಿಗಿಂತ ಜಾಸ್ತಿ. ಹಂಪ್ ನೋಡ್ಕೊಂಡು ಹೋಗಪ್ಪ.”

ಟೆರೇಸಿಗೆ ಶಾಮಿಯಾನ ಕಟ್ಟಿದ್ದರು. ಬಿಳಿ ಮೇಜುಬಟ್ಟೆ, ಪ್ಲಾಸ್ಟಿಕ್ ಕುರ್ಚಿಗಳು, ಮೂಲೆಯಲ್ಲಿ ವೆಜ್ ಬಿರಿಯಾನಿಯ ಹಂಡೆ. ಫಿಲೋಮಿನಾ ಆಂಟಿ ಕೇಕ್ ನೋಡಿ ನನ್ನ ಎರಡೂ ಕೆನ್ನೆ ಹಿಡಿದು, “ಬ್ಯೂಟಿಫುಲ್ ಮಾ!” ಎಂದರು. ನಾನು ‘ಅಮ್ಮನೇ ನಾದಿದ್ದು’ ಎಂದೆ. ಅಮ್ಮ ನನ್ನ ತೋಳು ಚಿವುಟಿದಳು.

ಕೇಕ್ ಕಟ್ ಆಯಿತು. ಚಪ್ಪಾಳೆ. ಇಬ್ಬರೂ ಮೊದಲು ಆಂಟಿಗೆ ತಿನ್ನಿಸಿದರು. ಆಮೇಲೆ ಈ ಕಡೆ ತಿರುಗಿದರು.

ವೀಣಾ ಒಂದು ತುಂಡು ಹಿಡಿದಳು. ಅಮ್ಮ ಬಾಯಿ ತೆರೆದಳು. ನನಗೆ ಅರ್ಧ ಉಸಿರು ಬಂತು. ಮಗಳಲ್ಲವೇ, ಅದರಲ್ಲಿ ಆಶ್ಚರ್ಯವಿಲ್ಲ.

ಅರುಳ್ ಇನ್ನೊಂದು ತುಂಡು ತೆಗೆದು ಕೈ ಚಾಚಿದ. ಅಮ್ಮ ತುಂಡನ್ನು ನೋಡಿದಳು. ಅವನನ್ನು ನೋಡಿದಳು. ಮುಖ ತಿರುಗಿಸಲಿಲ್ಲ. ಬಾಯಿಯನ್ನೂ ತೆರೆಯಲಿಲ್ಲ. ಬಲಗೈ ಮುಂದೆ ಮಾಡಿ ಅಂಗೈ ಒಡ್ಡಿದಳು.

ಅವನು ಒಂದು ಕ್ಷಣ ತಡೆದು, ತುಂಡನ್ನು ಅಂಗೈಯಲ್ಲಿಟ್ಟ. ಅಮ್ಮ ಕೈ ಮುಚ್ಚಿ, “ಆಮೇಲೆ ತಿಂತೀನಿ ಅಂತ ಹೇಳು” ಎಂದು ವೀಣಾಳಿಗೆ ಹೇಳಿದಳು.

“ಫೋಟೋ, ಫೋಟೋ! ಎಲ್ಲಾರುಂ ಇಂಗೆ ಪಾರುಂಗ!” ಎಂದು ಫಿಲೋಮಿನಾ ಆಂಟಿ ಅವಸರದಲ್ಲಿ ಎಲ್ಲರ ಕಣ್ಣನ್ನೂ ಕ್ಯಾಮೆರಾದ ಕಡೆ ಎಳೆದರು. ಎಂಥ ಹೆಂಗಸು! ವೀಣಾ ನಕ್ಕಳು. ಆ ನಗು ಫೋಟೋದಲ್ಲಿ ಚೆನ್ನಾಗಿಯೇ ಬಂದಿರುತ್ತದೆ, ಎದುರಿಗೆ ನಿಂತು ನೋಡಿದವಳಿಗೆ ಮಾತ್ರ ಅದು ನಗುವಾಗಿ ಕಾಣಲಿಲ್ಲ.

ಅಂಗೈ ಎಂದರೆ ಏನರ್ಥ? ನಮ್ಮಲ್ಲಿ ಪ್ರಸಾದ ತೆಗೆದುಕೊಳ್ಳುವುದೂ ಅಂಗೈಯಲ್ಲೇ. ಬೇಡದ ಬಿಸ್ಕತ್ತನ್ನು ಮರ್ಯಾದೆಗೆ ತೆಗೆದುಕೊಂಡು ಕುರ್ಚಿಯ ಕೆಳಗೆ ಇಡುವುದೂ ಅಂಗೈಯಿಂದಲೇ. ಯಾವುದೆಂದು ತಿಳಿಯುವುದು?

ಊಟ ಶುರುವಾಯಿತು. ಕೇಕ್ ಹಂಚಿದರು. ಆಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಜನ ಕೇಕ್ ತಿನ್ನುತ್ತಿದ್ದರು, ಫಾಂಡೆಂಟ್ ಬಿಡುತ್ತಿದ್ದರು. ಕಿತ್ತಳೆ ಸಿಪ್ಪೆ ಸುಲಿದ ಹಾಗೆ ಬಿಳಿ ಹಾಳೆಯನ್ನು ಸುಲಿದು ತಟ್ಟೆಯ ಅಂಚಿಗೆ ತಳ್ಳಿ, ಒಳಗಿನದನ್ನು ತಿಂದು ಕೈ ತೊಳೆಯಲು ಹೋಗುತ್ತಿದ್ದರು. ನನಗಿದು ಹೊಸದಲ್ಲ. ಫಾಂಡೆಂಟ್ ನೋಡಲಿಕ್ಕೆ ಇರುವುದು ಎಂದು ಊರಿಗೇ ಗೊತ್ತು. ಹದ ಎಂದು ಪ್ರಾಣ ಬಿಡುವುದು ಮಾಡುವವರು ಮಾತ್ರ.

ಅಮ್ಮನಿಗೆ ಇದು ಗೊತ್ತಿರಲಿಲ್ಲ.

ಅವಳು ಶಾಮಿಯಾನದ ಕಂಬದ ಪಕ್ಕ ಕುರ್ಚಿಯಲ್ಲಿ ಕೂತಿದ್ದಳು. ನಾನು ಹತ್ತಿರ ಹೋಗಿ ಮೊದಲು ನೋಡಿದ್ದು ಅವಳ ಬಲಗೈಯನ್ನು. ಖಾಲಿ. ಕುರ್ಚಿಯ ಕೆಳಗೆ ನೋಡಿದೆ. ಅಲ್ಲೂ ಏನಿಲ್ಲ. ತಲೆಯೆತ್ತಿ ನೋಡಿದರೆ, ಅಮ್ಮನ ದವಡೆ ಮೆಲ್ಲಗೆ ಆಡುತ್ತಿತ್ತು. ಫಾಂಡೆಂಟ್ ಬೇಗ ಕರಗುವುದಿಲ್ಲ, ಹಲ್ಲು ಗಟ್ಟಿಯಿಲ್ಲದವರು ಬಹಳ ಹೊತ್ತು ಅಗಿಯಬೇಕು. ಅವಳು ಅಗಿಯುತ್ತಿದ್ದಳು.

ನನಗೆ ಕಣ್ಣು ತುಂಬಿ ಬಂತು. ಕರ್ಚೀಫು ಹುಡುಕುತ್ತ ಆ ಕಡೆ ತಿರುಗಿದೆ.

ಅಮ್ಮ ಅಗಿಯುತ್ತ ಸುತ್ತಲೂ ನೋಡುತ್ತಿದ್ದಳು. ಒಬ್ಬೊಬ್ಬರ ತಟ್ಟೆಯನ್ನೂ ನೋಡುತ್ತಿದ್ದಳು. ಅರುಳ್ ಚಿಕ್ಕಪ್ಪ ಹೋದರು, ತಟ್ಟೆಯಲ್ಲಿ ಬಿಳಿ ಸಿಪ್ಪೆ. ಆಫೀಸಿನ ಹುಡುಗಿಯರು ಹೋದರು, ಅವರದರಲ್ಲೂ ಅದೇ. ನನ್ನ ಗಂಡ ಕೂಡ ಬಿಟ್ಟಿದ್ದರು. ಅಮ್ಮ ಯಾರಿಗೂ ಒಂದು ಮಾತು ಹೇಳಲಿಲ್ಲ. ಹುಬ್ಬು ಗಂಟಿಕ್ಕಿಕೊಂಡು ನೋಡಿ ಸುಮ್ಮನಾದಳು.

ಅರುಳ್ ತನ್ನ ತಟ್ಟೆ ಹಿಡಿದು ಕಸದ ಡ್ರಮ್ಮಿನ ಕಡೆ ಹೊರಟ.

“ಏನಪ್ಪಾ, ನಿಂತ್ಕೋ.”

ಅವನು ತಿರುಗಿ ಹಿಂದೆ ಮುಂದೆ ನೋಡಿದ. ತನಗೇ ಹೇಳಿದ್ದು ಎಂದು ನಂಬಿಕೆ ಬರಲಿಲ್ಲ. ವೀಣಾ ಅಲ್ಲಿರಲಿಲ್ಲ, ದೂರದಲ್ಲಿ ಯಾರಿಗೋ ನೀರು ಕೊಡುತ್ತಿದ್ದಳು. ಆದರೂ ಅವಳ ಕೈ ಅಲ್ಲೇ ನಿಂತಿತು.

“ಇದೇನು ತಟ್ಟೇಲಿ?”

“ಅದು... ಫಾಂಡೆಂಟ್ ಆಂಟಿ. ತುಂಬಾ ಸ್ವೀಟು. ಅದನ್ನ ಯಾರೂ ತಿನ್ನಲ್ಲ, ಸುಮ್ನೆ ಡೆಕೊರೇಷನ್‌ಗೆ...”

“ಯಾರೂ ತಿನ್ನಲ್ವಾ? ಬೇರೆಯವರ ವಿಷಯ ನನಗೆ ಬೇಡ. ತಟ್ಟೇಲಿ ಬಿಟ್ಟು ಏಳೋ ಅಭ್ಯಾಸ ನಮ್ಮನೇಲಿಲ್ಲ. ಕೂತ್ಕೋ ಇಲ್ಲಿ. ತಿನ್ನು.”

ಪಕ್ಕದ ಕುರ್ಚಿಯನ್ನು ಕಾಲಿನಿಂದ ಅವನತ್ತ ತಳ್ಳಿದಳು.

ಅವನು ಕೂತ. ಬಿಳಿ ಹಾಳೆಯನ್ನು ಮುರಿದು ಮುರಿದು ಬಾಯಿಗೆ ಹಾಕಿಕೊಂಡ. ಸಿಹಿಗೆ ಅವನ ಮುಖ ಕಿವುಚಿತು. ಅಮ್ಮ ತಟ್ಟೆ ಖಾಲಿಯಾಗುವ ತನಕ ಕಣ್ಣು ಕೀಳಲಿಲ್ಲ. ವೀಣಾ ನೀರಿನ ಜಗ್ಗು ಹಿಡಿದುಕೊಂಡೇ ನಿಂತಿದ್ದಳು, ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಈ ಸಲ ಫೋಟೋ ತೆಗೆಯಲು ಯಾರಿಗೂ ನೆನಪಾಗಲಿಲ್ಲ.

ಟೆರೇಸಿನಲ್ಲಿ ಅಷ್ಟೊಂದು ಜನ ಫಾಂಡೆಂಟ್ ಬಿಟ್ಟು ಎದ್ದಿದ್ದರು. ಅಮ್ಮ ತಡೆದು ಕೂರಿಸಿದ್ದು ಇವನೊಬ್ಬನನ್ನೇ.

ನೀವೇ ಹೇಳಿ, ಹೊರಗಿನವನಾಗಿದ್ದರೆ ಅವನ ತಟ್ಟೆಯಲ್ಲಿ ಏನು ಉಳಿದರೆ ಅಮ್ಮನಿಗೇನು?